ಪೂವಮ್ಮ ಕೊಟ್ಟ ರಕ್ತ

ಪೂವಮ್ಮನ ರಕ್ತ ಕಮಲಳ ಮೈಯೊಳಗೆ ಹೋಯಿತು ಎಂಬ ಸುದ್ದಿಯನ್ನು ಬೊಳ್ಳಮ್ಮನಿಗೆ ಮುಟ್ಟಿಸಿದವನು ಬಸ್ಸಿನ ಕಂಡಕ್ಟರ್. ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ ಬಸ್ಸು ಸಂಪಾಜೆಯಲ್ಲಿ ಅವಳ ಚಾ ಅಂಗಡಿಯ ಎದುರಿಗೇ ನಿಲ್ಲುತ್ತಿತ್ತು. ಅವನು ಕಡುಬು ಮುರಿದು ಬಾಯಿಗಿಟ್ಟುಕೊಳ್ಳುತ್ತ ಹೇಳಿದ.

"ನಿಮ್ಮ ತಂಗಿಗೆ ಈಗ ಪರವಾಗಿಲ್ಲೆ ಅಂತೆ, ಬೊಳ್ಳಮ್ಮಕ್ಕ. ಹಲ್ಲು ಕಿತ್ತು ಮೂರು ದಿನ ಆದ್ರೂ ರಕ್ತ ನಿಲ್ಲದೆ ಆಸ್ಪತ್ರೆಯಲ್ಲೇ ಮಲಗಿಸಿದ್ರು. ಕಡೆಗೆ ಗಾಳಿಬೀಡಿನ ಪೂವಮ್ಮಕ್ಕ ಒಂದು ಬಾಟ್ಲಿ ರಕ್ತ ಕೊಟ್ರಂತೆ. ಸಂಜೆಗೆ ನಿಂತಿತಂತೆ. ಎಂಥಾ ಹೆಂಗಸು ಮಾರಾಯ್ರೆ!"

ಚಟ್ನಿ ಬಡಿಸಲು ಹೋದ ಬೊಳ್ಳಮ್ಮ ಸೌಟನ್ನು ಪಾತ್ರೆಗೇ ಹಾಕಿದಳು.

"ತಂಗಿ ನನ್ನವಳು. ರಕ್ತ ಬೇಕಿದ್ರೆ ನನ್ನ ಕೇಳ್ಬೇಕಿತ್ತು."

"ನೀವು ಇಲ್ಲಿ, ಅವಳು ಅಲ್ಲಿ. ನೀವು ಘಾಟಿ ಹತ್ತಿ ಬರೋ ತನಕ ಅದು ಕಾಯ್ತದಾ? ಸ್ವಲ್ಪ ಚಟ್ನಿ ಹಾಕಿ."

"ಚಟ್ನಿ ಮುಗ್ದಿದೆ" ಎಂದಳು ಬೊಳ್ಳಮ್ಮ. ಪಾತ್ರೆ ತುಂಬ ಚಟ್ನಿ ಇತ್ತು. ಕಂಡಕ್ಟರ್ ಅದನ್ನು ನೋಡಿದ, ಅವಳ ಮುಖವನ್ನೂ ನೋಡಿದ, ಒಣ ಕಡುಬು ನುಂಗಿದ. ಬೊಳ್ಳಮ್ಮ ಅಂಗಡಿಯ ಹಲಗೆ ಜೋಡಿಸಿ, ಸೆರಗು ಬಿಗಿದು, ಎದುರಿನಿಂದ ಬಂದ ಬಸ್ಸಿಗೆ ಮಡಿಕೇರಿಗೆ ಹೊರಟಳು.

ಕಮಲಳನ್ನು ಹೆತ್ತಾಗಲೇ ತಾಯಿ ತೀರಿಕೊಂಡಿದ್ದಳು. ಲಂಗ ಉಟ್ಟುಕೊಂಡು ಓಡಾಡುವ ವಯಸ್ಸಿನ ಬೊಳ್ಳಮ್ಮ ಅಂದಿನಿಂದ ಆ ಕೂಸಿಗೆ ತಾಯಿಯಾದಳು. ಆಡಿನ ಹಾಲಿನಲ್ಲಿ ಬತ್ತಿ ಅದ್ದಿ ಕುಡಿಸಿದ್ದು, ಬೆನ್ನಿಗೆ ಕಟ್ಟಿಕೊಂಡು ಗದ್ದೆಗೆ ಹೋದದ್ದು, ಜ್ವರ ಬಂದು ಕೀಲುಗಳೆಲ್ಲ ಊದಿಕೊಂಡಾಗ ತಿಂಗಳುಗಟ್ಟಲೆ ಎತ್ತಿ ಕೂರಿಸಿದ್ದು ಎಲ್ಲ ಅವಳೇ. ತನ್ನ ಮದುವೆಯ ಮಾತು ಬಂದಾಗಲೆಲ್ಲ, "ಇವಳನ್ನು ದಾಟಿಸಿದ ಮೇಲೆ ನೋಡುವ" ಎಂದು ತಳ್ಳಿದಳು. ಕಮಲಳನ್ನು ಮಡಿಕೇರಿ ಪಕ್ಕದ ಗಾಳಿಬೀಡಿನ ದೇರಪ್ಪನಿಗೆ ಕೊಟ್ಟು ದಾಟಿಸುವ ಹೊತ್ತಿಗೆ ಇವಳನ್ನು ಕೇಳಿಕೊಂಡು ಬರುವವರು ಯಾರೂ ಇರಲಿಲ್ಲ.

ಅದರ ದುಃಖ ಅವಳಿಗೆ ಇರಲಿಲ್ಲ. ಇದ್ದದ್ದು ಪೂವಮ್ಮನಿಂದಾದ ದುಃಖ.

ಪೂವಮ್ಮ ದೇರಪ್ಪನ ಅಕ್ಕ. ಗಂಡ ತೀರಿಕೊಂಡು, ಮಕ್ಕಳಿಲ್ಲದೆ ತವರಿಗೆ ಬಂದು ತಮ್ಮನ ಮನೆಯ ಯಜಮಾನಿಕೆ ನೋಡಿಕೊಂಡಿದ್ದವಳು. ಕಮಲ ಆ ಹೊಸಿಲು ದಾಟಿದ ದಿನವೇ ಅವಳನ್ನು ಬಾಚಿ ತಬ್ಬಿಕೊಂಡಳಂತೆ. ಹುಡುಗಿಗೆ ಒಂದು ಕೊಡ ನೀರು ಹೊರಲೂ ಬಿಡಲಿಲ್ಲವಂತೆ. ತಂಗಿಗೆ ಒಳ್ಳೆಯ ಮನೆ ಸಿಕ್ಕಿತು ಎಂದು ಊರವರು ಹೇಳುವಾಗ ಬೊಳ್ಳಮ್ಮ "ಹೌದು, ಹೌದು" ಎನ್ನುತ್ತಿದ್ದಳು. ಹೇಳಿ ಹೋದವರ ಲೋಟವನ್ನು ಬೂದಿ ಹಾಕಿ ಎರಡು ಸಲ ಉಜ್ಜುತ್ತಿದ್ದಳು. ಗಂಡನ ಅಕ್ಕನನ್ನು ಅತ್ತಿಗೆ ಎನ್ನಬೇಕು. ಕಮಲ ಮದುವೆಯಾದ ವರ್ಷದಲ್ಲೇ ಅಕ್ಕ ಎನ್ನತೊಡಗಿದ್ದಳು. ಆ ಶಬ್ದ ಮೊದಲ ಸಲ ಕಿವಿಗೆ ಬಿದ್ದಾಗ ಬೊಳ್ಳಮ್ಮನೇ "ಎಂತ?" ಎಂದು ತಿರುಗಿದ್ದಳು. ಕರೆದದ್ದು ಅವಳನ್ನಲ್ಲ.

ಈಗ ಎರಡು ವರ್ಷದಿಂದ ಕಮಲಳಿಗೆ ಏದುಸಿರು. ಗದ್ದೆಯಿಂದ ಮನೆಗೆ ಹತ್ತುವಾಗ ಮೂರು ಕಡೆ ಕೂರಬೇಕಿತ್ತು. ಚಿಕ್ಕಂದಿನ ಆ ಕೀಲುಜ್ವರ ಹೃದಯದ ಒಳಬಾಗಿಲನ್ನು ಗಟ್ಟಿ ಮಾಡಿ ಸಣ್ಣದು ಮಾಡಿದೆ, ಮದ್ರಾಸ್ ರಾಜ್ಯದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಎದೆ ತೆರೆದು ಬೆರಳು ಹಾಕಿ ಅದನ್ನು ಬಿಡಿಸುತ್ತಾರೆ ಎಂದು ಮಡಿಕೇರಿಯ ಡಾಕ್ಟರು ಹೇಳಿದ್ದರು. ಅದಕ್ಕೆ ಮೊದಲು ಹುಳುಕು ಹಲ್ಲು ತೆಗೆಯಬೇಕು, ಬಾಯಿಯ ಕೀವು ಹೃದಯಕ್ಕೆ ಇಳಿಯಬಾರದು ಎಂದಿದ್ದರು. ಹಾಗೆ ತೆಗೆದ ಹಲ್ಲೇ ಈಗ ಇಷ್ಟು ಮಾಡಿದ್ದು.

ಬೊಳ್ಳಮ್ಮ ಒಂದೇ ಒಂದು ಆಸೆಯಲ್ಲಿದ್ದಳು. ಕಾಯಿಲೆ ಬಿದ್ದೆದ್ದ ಹೆಣ್ಣು ಚೇತರಿಸಿಕೊಳ್ಳಲು ತವರಿಗೆ ಬರಬೇಕು. ಅದು ಹಿಂದಿನಿಂದ ನಡೆದು ಬಂದದ್ದು, ಯಾರೂ ಇಲ್ಲ ಎನ್ನುವಂತಿಲ್ಲ. ಆಪರೇಶನ್ ಆದ ಮೇಲೆ ಕಮಲ ಮೂರು ತಿಂಗಳು ಸಂಪಾಜೆಯಲ್ಲಿರುತ್ತಾಳೆ. ತಾನು ಬೇಯಿಸಿದ್ದನ್ನು ತಿನ್ನುತ್ತಾಳೆ, ತನ್ನ ಪಕ್ಕದಲ್ಲಿ ಮಲಗುತ್ತಾಳೆ. ಅದಕ್ಕಾಗಿ ಹೊಸ ಹತ್ತಿ ತುಂಬಿಸಿ ಹಾಸಿಗೆ ಹೊಲಿಸಿಟ್ಟಿದ್ದಳು.

ವಾರ್ಡಿನಲ್ಲಿ ಕಮಲ ಹತ್ತಿಯಂತೆ ಬಿಳಿಚಿಕೊಂಡು ಮಲಗಿದ್ದಳು. ಅವಳ ಪಾದಗಳು ಪೂವಮ್ಮನ ತೊಡೆಯ ಮೇಲಿದ್ದವು.

"ಬಂದ್ರಾ ಬೊಳ್ಳಮ್ಮಕ್ಕ? ಕೂತ್ಕೊಳ್ಳಿ. ಹೆದರ್ಬೇಡಿ, ಈಗ ನಿಂತಿದೆ" ಎಂದಳು ಪೂವಮ್ಮ, ತನ್ನ ಮನೆಯ ಜಗಲಿಯಲ್ಲಿ ನೆಂಟರನ್ನು ಉಪಚರಿಸುವವಳಂತೆ. ಅವಳ ಮೊಣಕೈಗೆ ಪಟ್ಟಿ ಕಟ್ಟಿತ್ತು. ರವಕೆಯ ತೋಳನ್ನು ಇನ್ನೂ ಇಳಿಸಿರಲಿಲ್ಲ.

"ತೋಳು ಇಳಿಸಿ ಪೂವಮ್ಮಕ್ಕ, ಚಳಿಯಾಗ್ತದೆ" ಎಂದಳು ಬೊಳ್ಳಮ್ಮ. "ನೋಡ್ಬೇಕಾದವರೆಲ್ಲ ನೋಡಿ ಆಯ್ತಲ್ಲ."

ಕಮಲ ಕಣ್ಣು ಮುಚ್ಚಿಕೊಂಡೇ, "ಬಂದ ಕೂಡಲೇ ಸುರುವಾ?" ಎಂದಳು.

ಡಾಕ್ಟರ್ ವಿಶಾಲಾಕ್ಷಮ್ಮ ಮೈಸೂರಿನ ಕಡೆಯವರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ವರ್ಗವಾಗಿ ಬಂದ ಎಷ್ಟೋ ಜನರಲ್ಲಿ ಒಬ್ಬರು. ಅವರು ಬಂದು ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಹೊಸ ರಕ್ತ ಹೋದ ಮೇಲೆ ನಿಂತಿತು ಎಂದರೆ ಈ ಹುಡುಗಿಯ ರಕ್ತದಲ್ಲಿ ಏನೋ ಕಡಿಮೆ ಇದೆ, ಅದು ತಿಳಿಯದೆ ಎದೆಗೆ ಕತ್ತಿ ಇಟ್ಟರೆ ಮೇಜಿನ ಮೇಲೇ ಹೋಗಿಬಿಡುತ್ತಾಳೆ, ಆದ್ದರಿಂದ ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿ ಎಂದರು.

"ಮುಂಚೆ ಯಾವಾಗಲಾದರೂ ಗಾಯ ಆಗಿ ತುಂಬ ಹೊತ್ತು ರಕ್ತ ಸೋರಿದ್ದುಂಟಾ?"

"ಇಲ್ಲೆ ಡಾಕ್ಟ್ರಮ್ಮ" ಎಂದಳು ಪೂವಮ್ಮ. "ನಮ್ಮ ಮನೆಗೆ ಬಂದ ಮೇಲೆ ಅವಳಿಗೆ ಒಂದು ಗೀರು ಆಗ್ಲಿಕ್ಕೆ ನಾನು ಬಿಡ್ಲಿಲ್ಲೆ. ಕತ್ತಿ ಸಹ ಮುಟ್ಟಿಸುದಿಲ್ಲೆ."

"ಜಿಗಣೆ ಕಚ್ಚಿದಾಗ?"

"ಜಿಗಣೆ ಕಚ್ಚಿದ್ರೆ ಎಲ್ಲರಿಗೂ ಬರ್ತದಲ್ಲ! ಮಳೆಗಾಲದಲ್ಲಿ ಯಾರ ಕಾಲಲ್ಲಿ ರಕ್ತ ಇಲ್ಲೆ ಹೇಳಿ. ಸುಣ್ಣ, ಹೊಗೆಸೊಪ್ಪು ಒತ್ತಿದ್ರೆ ಆಯ್ತು. ಅದನ್ನು ಯಾರು ಲೆಕ್ಕ ಇಡ್ತಾರೆ?"

"ಮಾತ್ರೆ ಏನಾದರೂ ಕೊಡ್ತಿದ್ದೀರಾ?"

"ಆಸ್ಪಿರಿನ್. ಕೀಲುನೋವಿಗೆ. ದಿನಾ ಎರಡು ಹೊತ್ತು ನಾನೇ ಕೊಡ್ತೇನೆ, ಒಂದು ದಿನ ತಪ್ಪಿಸಿಲ್ಲೆ."

"ಇವತ್ತಿಂದ ಬೇಡ. ಅದು ರಕ್ತ ನಿಲ್ಲೋಕೆ ಬಿಡಲ್ಲ."

ಪೂವಮ್ಮನ ಮುಖ ಕಪ್ಪಿಟ್ಟಿತು. ಬೊಳ್ಳಮ್ಮನಿಗೆ ಹೊಟ್ಟೆ ತಂಪಾದಂತಾಯಿತು. ಆದರೆ ಡಾಕ್ಟರು ಮತ್ತೆ ಪೂವಮ್ಮನ ಕಡೆಗೇ ತಿರುಗಿ, "ನಿಮಗೇ ಅವಳ ವಿಷಯ ಚೆನ್ನಾಗಿ ಗೊತ್ತಿರೋ ಹಾಗಿದೆ. ಚಿಕ್ಕಂದಿನಲ್ಲಿ ಹೇಗಿದ್ದಳು, ಏನಾದರೂ ಕೇಳಿದ್ದೀರಾ?" ಎಂದುಬಿಟ್ಟರು.

"ಕೇಳಿದ್ದೇನೆ" ಎಂದು ಪೂವಮ್ಮ ಬಾಯಿ ತೆರೆದಳು. "ಆರೋಗ್ಯವಾಗಿದ್ದಳಂತೆ..."

"ಇವರಿಗೆಂತ ಗೊತ್ತುಂಟು?"

ಬೊಳ್ಳಮ್ಮ ಎದ್ದು ನಿಂತಿದ್ದಳು. ತಾನು ಯಾವಾಗ ಎದ್ದೆ ಎಂದು ಅವಳಿಗೇ ತಿಳಿಯಲಿಲ್ಲ.

"ಅವಳ ಬಟ್ಟೆ ಒಗೆದದ್ದು ನಾನು. ಕೇಳುದಿದ್ರೆ ನನ್ನ ಕೇಳಿ. ಕಿವಿ ಚುಚ್ಚಿಸಿದ ದಿನ ಎರಡು ದಿಂಬು ನೆನೆದಿತ್ತು. ಜಿಗಣೆ ಕಚ್ಚಿದ್ರೆ ನಮ್ಮ ಹಾಗೆ ಅಲ್ಲ, ಬೆಳಿಗ್ಗೆ ಕಂಬಳಿ ಹಿಂಡುವಷ್ಟು. ದೊಡ್ಡವಳಾದ ಮೇಲೆ ತಿಂಗಳು ತಿಂಗಳು ಹಾಸಿಗೆ ಹಿಡೀತಿದ್ದಳು. ನಮ್ಮ ಅಮ್ಮ ಹೆತ್ತು ಸತ್ತದ್ದು ಜ್ವರದಿಂದ ಅಲ್ಲ, ರಕ್ತ ನಿಲ್ಲದೆ. ನಾನು ಬಾಗಿಲ ಹತ್ತಿರ ನಿಂತು ನೋಡಿದ್ದೇನೆ. ಇದೆಲ್ಲ ಇವರು ನೋಡಿದ್ದಾರಾ?"

ಹೇಳಿ ಮುಗಿಸಿದಾಗ ಅವಳಿಗೆ ಗೆದ್ದ ಹಾಗಾಯಿತು. ಆಮೇಲೆ ಪೂವಮ್ಮನ ಮುಖ ಕಂಡಿತು. ಹೆಣ್ಣು ನೋಡಲು ಬಂದಾಗ ಈ ಮಾತುಗಳಲ್ಲಿ ಒಂದನ್ನೂ ಬೊಳ್ಳಮ್ಮ ಆಡಿರಲಿಲ್ಲ.

ಪೂವಮ್ಮ ಮೆಲ್ಲಗೆ, "ಹೇಳಿದ್ರೂ ನಾವು ತರ್ತಿದ್ದೆವು" ಎಂದಳು. ಬಯ್ದಿದ್ದರೆ ಬೊಳ್ಳಮ್ಮನಿಗೆ ಹಗುರವಾಗುತ್ತಿತ್ತು.

"ನಿಮಗೂ ಹೀಗೆ ರಕ್ತ ಹೋಗುತ್ತಾ, ಬೊಳ್ಳಮ್ಮ?" ಎಂದು ಡಾಕ್ಟರು ಕೇಳಿದರು.

ಹೋಗುತ್ತಿತ್ತು. ಕತ್ತಿ ತಾಗಿದ ಬೆರಳಿಗೆ ಅವಳು ಕಟ್ಟಿದ ಬಟ್ಟೆ ಮಾರನೆಯ ದಿನವೂ ಕೆಂಪಾಗಿರುತ್ತಿತ್ತು. ಆದರೆ ಹೌದೆಂದರೆ ರಕ್ತ ಕೊಡುವ ಕೈ ಪೂವಮ್ಮನದೇ ಆಗುತ್ತದೆ ಎಂದು ಆ ಕ್ಷಣದಲ್ಲೇ ಅವಳಿಗೆ ಹೊಳೆದಿತ್ತು.

"ನಂಗೆ ಎಂತ ಇಲ್ಲೆ. ನಾನು ಕಲ್ಲು. ನನ್ನದೇ ತಗೊಳ್ಳಿ, ಎಷ್ಟು ಬೇಕಾದ್ರೂ ತಗೊಳ್ಳಿ."

ಡಾಕ್ಟರು ಇಬ್ಬರ ಕಿವಿಯ ತುದಿಗೂ ಸೂಜಿ ಚುಚ್ಚಿದರು. ಬಂದ ಹನಿಯನ್ನು ಹೀರುಕಾಗದಕ್ಕೆ ಮುಟ್ಟಿಸುತ್ತ ಗಡಿಯಾರ ನೋಡಿದರು. ಪೂವಮ್ಮನ ಕಾಗದದಲ್ಲಿ ಮೊದಲ ಚುಕ್ಕೆ ಕುಂಕುಮದ ಬೊಟ್ಟಿನಷ್ಟು, ಮುಂದಿನದು ಸಾಸಿವೆಯಷ್ಟು, ಆಮೇಲೆ ಬರಿಯ ಕಾಗದ. ಬೊಳ್ಳಮ್ಮನ ಕಾಗದದಲ್ಲಿ ಕುಂಕುಮದ ಬೊಟ್ಟುಗಳು ಸಾಲಾಗಿ ಬರುತ್ತಲೇ ಇದ್ದವು. ಕಾಗದ ತುಂಬಿತು. ಡಾಕ್ಟರು ಇನ್ನೊಂದು ತೆಗೆದುಕೊಂಡರು. ಬೊಳ್ಳಮ್ಮ ಕಣ್ಣಂಚಿನಲ್ಲಿ ನೋಡುತ್ತ, ನಿಲ್ಲು, ನಿಲ್ಲು ಎಂದು ತನ್ನ ರಕ್ತಕ್ಕೇ ಹೇಳುತ್ತಿದ್ದಳು.

"ಸುಳ್ಳು ಹೇಳಿದಿರಿ" ಎಂದರು ಡಾಕ್ಟರು. "ಇದನ್ನೇ ಅವಳಿಗೆ ಕೊಟ್ಟಿದ್ದರೆ ಬಾಟ್ಲಿ ತುಂಬುತ್ತಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ಈ ದೋಷ ತಾಯಿಯಿಂದ ನಿಮಗಿಬ್ಬರಿಗೂ ಬಂದಿದೆ. ಪೂವಮ್ಮನವರ ರಕ್ತದಲ್ಲಿ ಸೋರೋದನ್ನ ನಿಲ್ಲಿಸೋ ಅಂಶ ಕೂಡ ಅವಳೊಳಗೆ ಎರಡು ದಿನ ಇರುತ್ತೆ, ಅಷ್ಟೆ. ಆಪರೇಶನ್ನಿಗೆ ಅವಳ ಜೊತೆಯಲ್ಲೇ ಕೊಡೋರು ಹೋಗಬೇಕು. ಅಲ್ಲಿ ಹೊಸದಾಗಿ ತೆಗೆದು, ಕೆಂಪು ತಳಕ್ಕೆ ಇಳಿದಾಗ ಮೇಲೆ ನಿಲ್ಲೋ ಹಳದಿ ನೀರನ್ನ ದಿನಾ ಕೊಡ್ತಾರೆ. ಒಬ್ಬರು ಸಾಲದು, ಮೂರು ಜನ ಬೇಕು. ಬಂದ ಮೇಲೂ ಮೂರು ತಿಂಗಳು ಅವಳು ಈ ಆಸ್ಪತ್ರೆಗೆ ಹತ್ತಿರ, ಕೊಡೋರಿಗೂ ಹತ್ತಿರ ಇರಬೇಕು."

"ಸಂಪಾಜೆ..." ಎಂದು ಬೊಳ್ಳಮ್ಮ ಶುರು ಮಾಡಿದಳು.

"ಸಂಪಾಜೆ ಆಗಲ್ಲ."

ಕಿವಿಯಿಂದ ಇನ್ನೂ ಇಳಿಯುತ್ತಿತ್ತು. ಪೂವಮ್ಮ ಹತ್ತಿಯ ಉಂಡೆ ಮಾಡಿ ಬೊಳ್ಳಮ್ಮನ ಕಿವಿಗೆ ಒತ್ತಿ ಹಿಡಿದಳು. ಬೊಳ್ಳಮ್ಮನಿಗೆ ಆ ಕೈಯನ್ನು ತಳ್ಳಬೇಕೆನಿಸಿತು. ತಳ್ಳಿದರೆ ಸೀರೆ ಹಾಳಾಗುತ್ತಿತ್ತು. ಸುಮ್ಮನೆ ಕುಳಿತಳು.

ಮಳೆಗಾಲ ಕಳೆದ ಮೇಲೆ ಆಪರೇಶನ್ನಿಗೆ ಹೊರಟರು. ರಕ್ತ ಹೊಂದಿದವರು ಪೂವಮ್ಮ, ಪಕ್ಕದ ಮನೆಯ ನಾಣಯ್ಯ, ಅವನ ತಮ್ಮ. ಗಂಡ ದೇರಪ್ಪನದು ಹೊಂದಲಿಲ್ಲ. ಬೊಳ್ಳಮ್ಮನನ್ನು ಯಾರೂ ಕರೆಯಲಿಲ್ಲ. ಕರೆಯುವ ಮೊದಲೇ ಅವಳು ಸೀಮೆಎಣ್ಣೆ ಸ್ಟವ್ವನ್ನೂ ಅಕ್ಕಿಚೀಲವನ್ನೂ ಕಟ್ಟಿಕೊಂಡು ಬಂದು ಜೀಪಿನ ಹಿಂದೆ ಕುಳಿತಿದ್ದಳು.

"ಕೊಡುವವರಿಗೆ ಬೇಯಿಸಿ ಹಾಕುವವರು ಬೇಡ್ವಾ?" ಎಂದಳು.

ಹೀಗೆ, ಆಸ್ಪತ್ರೆಯ ಬೀದಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಕೋಣೆಯಲ್ಲಿ, ಬೊಳ್ಳಮ್ಮ ದಿನ ಬೆಳಗಾದರೆ ಪೂವಮ್ಮನಿಗಾಗಿ ಆಡಿನ ಲಿವರ್ ಹುರಿಯತೊಡಗಿದಳು. ಪ್ರತಿ ತುಂಡು ಬಡಿಸುವಾಗಲೂ ಮನಸ್ಸು ಉರಿಯುತ್ತಿತ್ತು. ಬಡಿಸದಿರಲು ಹೆದರಿಕೆಯಾಗುತ್ತಿತ್ತು. ನಾಣಯ್ಯ, "ಬೊಳ್ಳಮ್ಮಕ್ಕ, ನಮಗೆ ಸಾರು, ಅವರಿಗೆ ತುಂಡು, ಇದೆಂಥ ನ್ಯಾಯ?" ಎಂದು ನಗೆಯಾಡಿದ.

"ನೀನು ಮೊದಲೇ ಹಂದಿ ಹಾಗೆ ಇದ್ದಿ. ಅವರನ್ನು ನೋಡು, ಕಡ್ಡಿ. ಆ ಕಡ್ಡಿಯಿಂದ ನನ್ನ ತಂಗಿಗೆ ಎಂತ ಇಳೀಬೇಕು?"

ಆಪರೇಶನ್ನಿನ ದಿನ ನಾಣಯ್ಯ ಕೊಟ್ಟ, ಮಾರನೆಯ ದಿನ ಅವನ ತಮ್ಮ. ಹೃದಯದ ಬಾಗಿಲು ಬಿಡಿಸಿದ್ದಾಯಿತು, ಸರ್ಜನರ ಬೆರಳು ಸಲೀಸಾಗಿ ಹೋಗಿ ಬಂತು, ಎಲ್ಲ ಚೆನ್ನಾಗಿದೆ ಎಂದರು. ಆದರೆ ಮೂರನೆಯ ದಿನ ಬೆಳಿಗ್ಗೆ ಕಮಲಳ ಪಕ್ಕೆಗೆ ಹಾಕಿದ್ದ ರಬ್ಬರ್ ನಳಿಕೆಯಲ್ಲಿ, ತಿಳಿಯಾಗುತ್ತಿದ್ದ ನೀರು ಮತ್ತೆ ಕೆಂಪಾಯಿತು. ದೇರಪ್ಪ ಕೋಣೆಗೆ ಓಡಿ ಬಂದು, "ಅಕ್ಕ, ನಳಿಕೆ ಮತ್ತೆ ಕೆಂಪಾಗಿದೆ, ಈಗಲೇ ಬರ್ಬೇಕಂತೆ" ಎಂದು ಪೂವಮ್ಮನಿಗೆ ಹೇಳಿ, ಬಂದ ಹಾಗೇ ಓಡಿದ.

ಪೂವಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಎದುರಿನ ತಟ್ಟೆ ತಣ್ಣಗಾಗಿತ್ತು.

"ಎರಡು ತುತ್ತು ತಿಂದು ಏಳಿ" ಎಂದಳು ಬೊಳ್ಳಮ್ಮ.

"ಇಳಿಯುದಿಲ್ಲೆ ಬೊಳ್ಳಮ್ಮಕ್ಕ. ಸೂಜಿ ನೆನೆಸಿದ್ರೆ ಕೈ ಕಾಲು ತಣ್ಣಗಾಗ್ತದೆ."

"ಮಡಿಕೇರಿಯಲ್ಲಿ ಕೊಟ್ಟಿದ್ದೀರಲ್ಲ. ರವಕೆ ತೋಳು ಇಳಿಸದೆ ಕೂತಿದ್ದೀರಿ."

"ಆಗ ಹೇಗಿರ್ತದೆ ಅಂತ ಗೊತ್ತಿರ್ಲಿಲ್ಲೆ. ಈಗ ಗೊತ್ತುಂಟಲ್ಲ. ಕೊಟ್ಟು ಎದ್ದವಳು ಬಿದ್ದುಬಿಟ್ಟಿದ್ದೆ. ಯಾರಿಗೂ ಹೇಳ್ಲಿಲ್ಲೆ."

ಪೂವಮ್ಮ ಎರಡು ಕೈಯನ್ನೂ ಸೆರಗಿನೊಳಗೆ ಅಡಗಿಸಿಕೊಂಡಳು. ಅದನ್ನು ನೋಡಿ ಬೊಳ್ಳಮ್ಮನಿಗೆ ಒಂದು ಗಳಿಗೆ ಸಂತೋಷವಾಯಿತು ಎಂದರೆ ನಂಬಬೇಕು. ಇಷ್ಟು ದೊಡ್ಡ ಹೆಸರು, ಇಷ್ಟೇ ಧೈರ್ಯ. ಮರುಗಳಿಗೆಗೆ ಆ ಕೆಂಪು ನಳಿಕೆ ಕಣ್ಣಿಗೆ ಬಂತು.

"ನಾನಾಗಿದ್ರೆ ಎರಡು ಕೈಯಿಂದಲೂ ಕೊಡ್ತಿದ್ದೆ" ಎಂದಳು.

"ನೀವು ಕೊಟ್ಟು ಎಂತ ಪ್ರಯೋಜನ?"

ಬೊಳ್ಳಮ್ಮ ಸ್ಟವ್ವು ಆರಿಸಿದಳು.

ಪೂವಮ್ಮ ಕಣ್ಣು ಒರೆಸಿಕೊಂಡಳು. "ತಪ್ಪು ತಿಳೀಬೇಡಿ. ನಂಗೆ ನಿಮ್ಮನ್ನು ಕಂಡ್ರೆ ಹೊಟ್ಟೆ ಉರೀತದೆ. ನಾಲ್ಕು ವರ್ಷ ಆಯ್ತು. ನಾನು ಎಷ್ಟು ಮಾಡಿದ್ರೂ, ಎಷ್ಟು ಕೊಟ್ರೂ, ಎರಡು ದಿನಕ್ಕೆ ಖರ್ಚಾಗಿ ಹೋಗ್ತದೆ ಅಂತ ಡಾಕ್ಟ್ರಮ್ಮನೇ ಹೇಳಿದ್ರಲ್ಲ. ನಿಮ್ಮಿಬ್ಬರದ್ದು ಹುಟ್ಟಿದಾಗಿಂದ ಒಂದೇ. ಕೆಟ್ಟದ್ದಾದ್ರೂ ಒಂದೇ. ನಿನ್ನೆ ಮತ್ತಿನಲ್ಲಿ ಅವಳು ಎಂತ ಹೇಳ್ತಿದ್ದಳು ಗೊತ್ತುಂಟಾ? ಸಂಪಾಜೆಗೆ ಟಿಕೇಟು ಕೊಡಿ, ಸಂಪಾಜೆಗೆ ಟಿಕೇಟು ಕೊಡಿ. ನಾನು ಕಾಲು ಒತ್ತಿಕೊಂಡು ಕೂತಿದ್ದೆ."

ತನ್ನನ್ನು ಕಂಡು ಒಬ್ಬರಿಗೆ ಹೊಟ್ಟೆಕಿಚ್ಚಾಗಬಹುದು ಎಂದು ಬೊಳ್ಳಮ್ಮ ಜನ್ಮದಲ್ಲಿ ಎಣಿಸಿರಲಿಲ್ಲ. ತನ್ನಲ್ಲಿ ಅಂಥದ್ದು ಏನಿತ್ತು? ಒಂದು ಚಾ ಅಂಗಡಿ, ನಿಲ್ಲದ ರಕ್ತ.

ಅವಳು ತಟ್ಟೆಯನ್ನು ಪೂವಮ್ಮನ ತೊಡೆಯ ಮೇಲಿಟ್ಟು ಎದುರಿಗೇ ಕುಕ್ಕರಿಸಿದಳು. "ತಿನ್ನಿ. ಇಲ್ಲದಿದ್ರೆ ನಾನೇ ಬಾಯಿಗೆ ತುರುಕ್ತೇನೆ. ಆಮೇಲೆ ನನ್ನ ಮೇಲೆ ಎಷ್ಟು ಬೇಕಾದ್ರೂ ಹೊಟ್ಟೆ ಉರ್ಕೊಳ್ಳಿ. ಈಗ ಟೈಮಿಲ್ಲೆ."

ಪೂವಮ್ಮ ಅಳುತ್ತಲೇ ತಿಂದಳು. ರಕ್ತ ತೆಗೆಯುವ ಕೋಣೆಯಲ್ಲಿ ಬೊಳ್ಳಮ್ಮ ಅವಳ ಮುಖವನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು, ಸೂಜಿ ಕಾಣದಂತೆ ಸೆರಗು ಮುಚ್ಚಿದಳು. ಬಾಟ್ಲಿ ತುಂಬುವುದನ್ನು ಮಾತ್ರ ತಾನು ಕಣ್ಣು ಕೀಳದೆ ನೋಡಿದಳು. ಎಷ್ಟು ಸುಲಭವಾಗಿ ಇಳಿಯುತ್ತಿತ್ತು! ಸೂಜಿ ತೆಗೆದು ಹತ್ತಿ ಇಟ್ಟ ಕೂಡಲೇ ನಿಂತೂ ಹೋಯಿತು. ಹಾಗೆ ನಿಲ್ಲುವ ರಕ್ತವನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅಸೂಯೆಯಾಯಿತು. ಆದರೂ ಪೂವಮ್ಮ ಎದ್ದು ತೂರಾಡಿದಾಗ ಬೀಳದಂತೆ ಹಿಡಿದವಳು ಅವಳೇ.

ಸಂಜೆಗೆ ನಳಿಕೆಯ ನೀರು ಮತ್ತೆ ತಿಳಿಯಾಯಿತು.

ಊರಿಗೆ ಬಂದ ಮೇಲೆ ಕಮಲ ಗಾಳಿಬೀಡಿಗೇ ಹೋದಳು. ಬೊಳ್ಳಮ್ಮ ಸಂಪಾಜೆಗೆ ಇಳಿದು, ಮೂರು ದಿನ ಅಂಗಡಿ ತೆರೆದಳು. ಬಂದವರೆಲ್ಲ ಪೂವಮ್ಮನ ವಿಷಯವೇ ಕೇಳಿದರು. ನಾಲ್ಕನೆಯ ದಿನ ಅಂಗಡಿಗೆ ಹಲಗೆ ಹಾಕಿ, ಹೊಸ ಹಾಸಿಗೆಯನ್ನು ಸುರುಳಿ ಸುತ್ತಿ ಬಸ್ಸಿನ ಮೇಲೆ ಏರಿಸಿ, ಗಾಳಿಬೀಡಿನ ಜಗಲಿಯಲ್ಲಿ ಬಂದಿಳಿದಳು.

"ತವರಿಗೆ ಬರ್ಲಿಕ್ಕೆ ಅವಳಿಗೆ ಆಗ್ಲಿಲ್ಲ. ತವರೇ ಬಂದಿದೆ. ಎಲ್ಲಿ ಮಲಗ್ಲಿ ಹೇಳಿ."

ಪೂವಮ್ಮ ಒಲೆಯ ಹತ್ತಿರದ ಮಣೆಯನ್ನು ಒಂದು ಗೇಣು ಸರಿಸಿದಳು.

ಅಂದಿನಿಂದ ಅಡುಗೆಮನೆಯಲ್ಲಿ ದಿನವೂ ಯುದ್ಧ. ಬೊಳ್ಳಮ್ಮ ಕತ್ತಿಮಣೆ ಎಳೆದುಕೊಂಡರೆ ಪೂವಮ್ಮ ಕಸಿದುಕೊಳ್ಳುತ್ತಿದ್ದಳು. "ಅದನ್ನು ಮುಟ್ಬೇಡಿ. ಬೆರಳು ಕುಯ್ಕೊಂಡ್ರೆ ಮತ್ತೆ ನನ್ನ ಕೈಗೇ ಸೂಜಿ. ಒಬ್ಬಳಿಗೆ ಕೊಟ್ಟೇ ಸಾಕಾಗಿದೆ."

"ಹದಿನೈದು ವರ್ಷ ಅಂಗಡಿಯಲ್ಲಿ ನೀವು ಬಂದು ಕುಯ್ದು ಕೊಟ್ಟಿದ್ದಾ?"

"ಆಗ ನಂಗೆ ಗೊತ್ತಿರ್ಲಿಲ್ಲೆ. ಬೆಳ್ಳುಳ್ಳಿ ಸುಲಿಯಿರಿ, ಉಗುರು ಸಾಕು."

"ನಿಮ್ಮ ಸಾರಿಗೆ ಇಷ್ಟು ಬೆಳ್ಳುಳ್ಳಿ ಹಾಕಿದ್ರೆ ಅವಳು ತಿನ್ನುದಿಲ್ಲೆ."

"ನಾಲ್ಕು ವರ್ಷದಿಂದ ತಿಂತಿದ್ದಾಳೆ."

"ನಾಚಿಕೆಗೆ ತಿಂದಿದ್ದಾಳೆ."

ಒಂದು ಮಧ್ಯಾಹ್ನ ಇಬ್ಬರ ಬಾಯಿಯೂ ಒಟ್ಟಿಗೇ ನಿಂತಿತು. ಕೆಳಗೆ ಗದ್ದೆಯ ಕಡೆಯಿಂದ ಯಾರೋ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕಮಲಳ ಹೆಜ್ಜೆ. ಅವಳು ಯಾವಾಗ ಕೆಳಗಿಳಿದಳೋ ಜಗಳದಲ್ಲಿ ಇಬ್ಬರಿಗೂ ತಿಳಿದಿರಲಿಲ್ಲ. ಹೆಜ್ಜೆ ಅವಳು ಮೊದಲು ಕೂರುತ್ತಿದ್ದ ಹಲಸಿನ ಮರದ ಹತ್ತಿರ ನಿಲ್ಲಲಿಲ್ಲ. ತಿರುವಿನ ಕಲ್ಲಿನ ಹತ್ತಿರವೂ ನಿಲ್ಲಲಿಲ್ಲ. ಒಂದೇ ಸಮನೆ ಅಂಗಳದವರೆಗೆ ಬಂತು.

"ಕುಡಿಲಿಕ್ಕೆ ನೀರು ಕೊಡಿ" ಎಂದು ಹೊರಗಿನಿಂದ ಕೇಳಿದಳು ಕಮಲ. ಅಕ್ಕ ಎಂದು ಯಾರನ್ನೂ ಕರೆಯಲಿಲ್ಲ. ಅಷ್ಟು ಬುದ್ಧಿ ಅವಳಿಗೂ ಬಂದಿತ್ತು.

ಇಬ್ಬರೂ ಒಟ್ಟಿಗೇ ಎದ್ದರು. ಬಾಗಿಲಿಗೆ ಹತ್ತಿರ ಇದ್ದವಳು ಪೂವಮ್ಮ. ಚೊಂಬಿಗೆ ಹತ್ತಿರ ಇದ್ದವಳು ಬೊಳ್ಳಮ್ಮ. ಅವಳು ಅದನ್ನು ತುಂಬಿಕೊಂಡು, ಭುಜದಿಂದ ಪೂವಮ್ಮನನ್ನು ಬದಿಗೆ ಸರಿಸಿ, ನೀರು ಚೆಲ್ಲಿಕೊಂಡೇ ಹೊರಗೆ ಹೋದಳು.